ಸ್ಲಟ್ಸ್ಕಿ ಸಮೀಕರಣದ ಕೊನೆಯಲ್ಲಿ ಆ ‘ಕ’ ಎಲ್ಲಿಂದ ಬಂತು?

ಪಿಯುಸಿಯಲ್ಲಿ ಹೆಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ಓದಿ ಬೆಂಗಳೂರಿನ ಪದವಿ ಕಾಲೇಜಿಗೆ ಅರ್ಥಶಾಸ್ತ್ರಕ್ಕೆಂದು ಸೇರಿದವರು ಗಣಿತ ತುಂಬಿದ ಸೂಕ್ಷ್ಮ ಅರ್ಥಶಾಸ್ತ್ರದಲ್ಲಿ ಮುಗ್ಗರಿಸುವುದು ಲಗ್ರಾಂಜ್ ವಿಧಾನದಲ್ಲಲ್ಲ (ಇರುವ ದುಡ್ಡಿನ ಮಿತಿಯೊಳಗೆ ಅತಿ ಹೆಚ್ಚು ತೃಪ್ತಿ ಕೊಡುವ ಖರೀದಿ ಹುಡುಕುವ ಲೆಕ್ಕ). ಅದು ಹತ್ತು ಲೆಕ್ಕ ಬಿಡಿಸಿದರೆ ಕೈಗೆ ಹತ್ತುತ್ತದೆ. ಮುಗ್ಗರಿಸುವುದು ಅದರ ಮುಂದಿನ ಅಧ್ಯಾಯದಲ್ಲಿ. ಬೆಲೆ ಬದಲಾದಾಗ ಬೇಡಿಕೆಯಲ್ಲಾಗುವ ಬದಲಾವಣೆಯನ್ನು ಬದಲಿ ಪರಿಣಾಮ (ತುಟ್ಟಿಯಾದದ್ದರಿಂದ ಇನ್ನೊಂದು ಸರಕಿಗೆ ಹೊರಳುವುದು), ಆದಾಯ ಪರಿಣಾಮ (ಅದೇ ದುಡ್ಡಿನ ಕೊಳ್ಳುವ ಶಕ್ತಿ ಕುಗ್ಗುವುದು) ಅಂತ ಎರಡು ಹೋಳು ಮಾಡುವಾಗ ಸ್ಲಟ್ಸ್ಕಿ ಸಮೀಕರಣದ ಬಾಲಕ್ಕೆ ‘ಕೊಂಡ ಪ್ರಮಾಣ’ ಗುಣಕವಾಗಿ ಬಂದು ಅಂಟಿಕೊಳ್ಳುತ್ತದೆ. ಎಲ್ಲಿಂದ ಬಂತು ಅಂತ ಗೊತ್ತಿಲ್ಲದೆ ಬಾಯಿಪಾಠ ಮಾಡಿದವರಿಗೆ ಪರೀಕ್ಷೆಯಲ್ಲಿ ಚಿಹ್ನೆ ತಪ್ಪುತ್ತದೆ, ಇಲ್ಲವೇ ಯಾವ ಪ್ರಮಾಣ ಹಾಕಬೇಕೆಂಬುದು ತಪ್ಪುತ್ತದೆ. ಈ ಟಿಪ್ಪಣಿ ಬಹುಪಾಲು ಅದೊಂದರ ಬಗ್ಗೆಯೇ. ಆಂಶಿಕ ಅವಕಲನ ಗೊತ್ತಿದೆ ಅಂದುಕೊಂಡು ಹೊರಡುತ್ತೇನೆ.

ಲೆಕ್ಕದ ಸರಂಜಾಮು

ದರ್ಶಿನಿಗೆಂದು ತಿಂಗಳಿಗೆ ಎತ್ತಿಟ್ಟ ದುಡ್ಡು ಆ = 1600 ರೂಪಾಯಿ. ಕಾಫಿ ಲೋಟಗಳ ಸಂಖ್ಯೆ ಕ, ಅದರ ಬೆಲೆ ಬ = 16. ಇಡ್ಲಿ ಪ್ಲೇಟುಗಳ ಸಂಖ್ಯೆ ಇ, ಅದರ ಬೆಲೆ ದ = 40. ತುಷ್ಟಿಗುಣ, ಅಂದರೆ ಕೊಂಡದ್ದರಿಂದ ಸಿಗುವ ತೃಪ್ತಿಯ ಅಳತೆ, ತ = ಕ × ಇ. ಆಮೇಲೆ ಕಾಫಿ ಬೆಲೆ 25ಕ್ಕೆ ಏರುತ್ತದೆ. 16, 25 ಎರಡನ್ನೂ ಬೇಕೆಂದೇ ಆರಿಸಿದ್ದು: ಎರಡೂ ವರ್ಗಸಂಖ್ಯೆಗಳಾದ್ದರಿಂದ ವರ್ಗಮೂಲ ತೆಗೆಯುವಾಗ ದಶಾಂಶ ಕಾಡುವುದಿಲ್ಲ. ಅಭ್ಯಾಸಕ್ಕೆ ಲೆಕ್ಕ ಕಟ್ಟಿಕೊಳ್ಳುವಾಗ ಹೀಗೇ ಮಾಡಿ, ಗಮನವೆಲ್ಲ ಕ್ಯಾಲ್ಕುಲೇಟರಿಗೆ ಹೋಗುವುದಿಲ್ಲ.

ಲಗ್ರಾಂಜ್, ಬೇಗ ಬೇಗ

ಬರೆದುಕೊಳ್ಳಬೇಕಾದ್ದು: ಕ × ಇ + ಲ್ಯಾಮ್ಡಾ × (1600 − 16ಕ − 40ಇ). ಕ ದೃಷ್ಟಿಯಿಂದ ಅವಕಲಿಸಿದರೆ ಇ = 16 ಲ್ಯಾಮ್ಡಾ. ಇ ದೃಷ್ಟಿಯಿಂದ ಕ = 40 ಲ್ಯಾಮ್ಡಾ. ಒಂದನ್ನು ಇನ್ನೊಂದರಿಂದ ಭಾಗಿಸಿ ಲ್ಯಾಮ್ಡಾ ಓಡಿಸಿದರೆ 16ಕ = 40ಇ, ಅಂದರೆ ಎರಡಕ್ಕೂ ತಲಾ 800 ರೂಪಾಯಿ. ಕ = 50, ಇ = 20, ತ = 1000.

ಓಡಿಸಿದ ಲ್ಯಾಮ್ಡಾವನ್ನು ಒಮ್ಮೆ ವಾಪಸ್ ಕರೆದು ನೋಡಿ: 20/16 = 1.25. ದುಡ್ಡು 1601 ಆದರೆ ತುಷ್ಟಿಗುಣ ಸುಮಾರು 1001.25 ಆಗುತ್ತದೆ. ಒಂದು ರೂಪಾಯಿ ಹೆಚ್ಚಾದರೆ ತುಷ್ಟಿಗುಣ ಎಷ್ಟು ಏರುತ್ತದೋ ಅದೇ ಲ್ಯಾಮ್ಡಾ. ಆದರೆ 1.25 ಎಂಬ ಅಂಕಿಗೆ ತನ್ನದೇ ಆದ ಅರ್ಥವೇನೂ ಇಲ್ಲ. ಕ × ಇ ಬದಲು ಅದರ ಲಾಗರಿದಮ್ ಇಟ್ಟುಕೊಂಡರೆ ಕೊಳ್ಳುವುದು ಅದೇ 50 ಮತ್ತು 20, ಲ್ಯಾಮ್ಡಾ ಮಾತ್ರ 1/800 ಆಗಿಬಿಡುತ್ತದೆ. ‘ಇವನ ಲ್ಯಾಮ್ಡಾ ಅವನದಕ್ಕಿಂತ ದೊಡ್ಡದು, ಹಾಗಾಗಿ ಇವನಿಗೆ ದುಡ್ಡಿನ ಅಗತ್ಯ ಹೆಚ್ಚು’ ಎಂದು ಬರೆದರೆ ಅಂಕ ಹೋಗುತ್ತದೆ.

ಆ ‘ಕ’ದ ಕಥೆ

ಸಮೀಕರಣ ಹೀಗಿದೆ:

∂ಕ/∂ಬ = ∂ಹ/∂ಬ − ಕ × ∂ಕ/∂ಆ

ಎಡಗಡೆ ಇರುವುದು ಸಾಧಾರಣ ಬೇಡಿಕೆ: ಕೈಯಲ್ಲಿರುವ ದುಡ್ಡು ಸ್ಥಿರ, ಬೆಲೆ ಮಾತ್ರ ಬದಲು. ಹ ಅಂದರೆ ಹಿಕ್ಸ್ ಬೇಡಿಕೆ: ತುಷ್ಟಿಗುಣ ಸ್ಥಿರ, ಅಷ್ಟನ್ನು ಅತಿ ಕಡಿಮೆ ಖರ್ಚಿನಲ್ಲಿ ಪಡೆಯಲು ಬೇಕಾಗುವ ಕಾಫಿ. ಆ ಅತಿ ಕಡಿಮೆ ಖರ್ಚನ್ನು ವೆ ಎನ್ನೋಣ.

ಎಲ್ಲವೂ ಹುಟ್ಟುವುದು ಒಂದೇ ಸಾಲಿನಿಂದ:

ಹ(ಬ, ತ) = ಕ(ಬ, ವೆ(ಬ, ತ))

ಇದನ್ನು ಬಾಯಲ್ಲಿ ಹೇಳಿಕೊಳ್ಳಿ. 1000 ತುಷ್ಟಿಗುಣ ಪಡೆಯಲು ಕನಿಷ್ಠ ಎಷ್ಟು ಖರ್ಚಾಗುತ್ತದೋ ಅಷ್ಟೇ ದುಡ್ಡನ್ನು ಕೈಗೆ ಕೊಟ್ಟು ‘ನಿನಗೆ ಬೇಕಾದ್ದು ಕೊಂಡುಕೋ’ ಎಂದರೆ ಆತ ಕೊಳ್ಳುವ ಕಾಫಿಯೂ, ಕನಿಷ್ಠ ಖರ್ಚಿನ ಲೆಕ್ಕದಲ್ಲಿ ಬಂದ ಕಾಫಿಯೂ ಒಂದೇ. ಇದು ಒಂದು ಬೆಲೆಗಷ್ಟೇ ಅಲ್ಲ, ಎಲ್ಲ ಬೆಲೆಗೂ ನಿಜ. ಎಲ್ಲ ಬೆಲೆಗೂ ನಿಜವಾದ್ದರಿಂದಲೇ ಎರಡೂ ಬದಿಯನ್ನು ಬ ದೃಷ್ಟಿಯಿಂದ ಅವಕಲಿಸಬಹುದು.

ಬಲಗಡೆ ಬ ಎರಡು ಕಡೆ ಕೂತಿದೆ: ನೇರವಾಗಿ ಒಮ್ಮೆ, ವೆ ಒಳಗೆ ಅಡಗಿ ಇನ್ನೊಮ್ಮೆ. ಸರಪಳಿ ನಿಯಮ ಹಾಕಿದರೆ:

∂ಹ/∂ಬ = ∂ಕ/∂ಬ + ∂ಕ/∂ಆ × ∂ವೆ/∂ಬ

ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ. ಮುಂದಿನ ಸಾಲಿನಲ್ಲಿ ‘∂ವೆ/∂ಬ = ಹ, ಶೆಫರ್ಡ್ ಲೆಮ್ಮಾ’ ಎಂದು ಬರೆದು ಮುಂದೆ ಹೋಗಿಬಿಡುತ್ತಾರೆ. ಅನುಮಾನ ಬರಬೇಕಾದ್ದೇ ಇಲ್ಲಿ. ವೆ = ಬ × ಹ + ದ × ಗ (ಗ ಅಂದರೆ ಇಡ್ಲಿಯ ಹಿಕ್ಸ್ ಬೇಡಿಕೆ). ಬೆಲೆ ಏರಿದರೆ ಹ, ಗ ಎರಡೂ ಬದಲಾಗುತ್ತವಲ್ಲ, ಅವನ್ನು ಸ್ಥಿರ ಎಂಬಂತೆ ನೋಡಿ ಬರೀ ಹ ಬರೆದರೆ ಹೇಗೆ?

ಅವು ಸ್ಥಿರ ಅಂತ ಯಾರೂ ಹೇಳುತ್ತಿಲ್ಲ. ಪೂರ್ತಿ ಅವಕಲಿಸಿ:

∂ವೆ/∂ಬ = ಹ + ಬ × ∂ಹ/∂ಬ + ದ × ∂ಗ/∂ಬ

ಕೊನೆಯ ಎರಡು ಪದಗಳ ಮೊತ್ತ ಸೊನ್ನೆ. ಕಾರಣ: ನಾವು ಅದೇ ಔದಾಸೀನ್ಯ ವಕ್ರರೇಖೆಯ (ಒಂದೇ ತುಷ್ಟಿಗುಣ ಕೊಡುವ ಬುಟ್ಟಿಗಳನ್ನು ಜೋಡಿಸುವ ಗೆರೆ) ಮೇಲೆ ಜಾರುತ್ತಿದ್ದೇವೆ. ಹಾಗಾಗಿ ಕಾಫಿಯ ಸೀಮಾಂತ ತುಷ್ಟಿಗುಣ (ಇನ್ನೊಂದು ಲೋಟದಿಂದ ಹೆಚ್ಚುವ ತುಷ್ಟಿಗುಣ) × ಕಾಫಿಯ ಬದಲಾವಣೆ + ಇಡ್ಲಿಯ ಸೀಮಾಂತ ತುಷ್ಟಿಗುಣ × ಇಡ್ಲಿಯ ಬದಲಾವಣೆ = 0. ಖರ್ಚು ಕನಿಷ್ಠವಾಗಿರುವ ಬಿಂದುವಿನಲ್ಲಿ ಸೀಮಾಂತ ತುಷ್ಟಿಗುಣಗಳು ಬೆಲೆಗಳ ಅನುಪಾತದಲ್ಲೇ ಇರುತ್ತವೆ. ಸೀಮಾಂತ ತುಷ್ಟಿಗುಣದ ಜಾಗದಲ್ಲಿ ಬೆಲೆ ಹಾಕಿದರೂ ಸೊನ್ನೆಯೇ.

ಅಂಕಿ ಹಾಕಿ ನೋಡದೆ ಇದು ಮೈಗೆ ಹತ್ತುವುದಿಲ್ಲ. ನಮ್ಮ ಲೆಕ್ಕದಲ್ಲಿ ಹ = √(ತ × ದ/ಬ), ಅಂದರೆ √(1000 × 40/16) = 50. ಇದರ ಅವಕಲನ −ಹ/(2ಬ) = −50/32 = −1.5625. ಗ = √(ತ × ಬ/ದ) = 20, ಅವಕಲನ 20/32 = 0.625. ಈಗ ಬೆಲೆಯಿಂದ ಗುಣಿಸಿ: 16 × −1.5625 = −25. 40 × 0.625 = +25. ಕಾಫಿ ಕಡಿಮೆ ಮಾಡಿ ಉಳಿಸಿದ 25, ತುಷ್ಟಿಗುಣ ಕುಸಿಯದಂತೆ ಇಡ್ಲಿಗೆ ಹಾಕಿದ 25. ಚುಕ್ತಾ. ಉಳಿದದ್ದು 50 ಮಾತ್ರ.

ನಂಬಿಕೆ ಬರದಿದ್ದರೆ ವೆ = 2√(ಬ × ದ × ತ) ಸೂತ್ರದಲ್ಲಿ ಬ = 16.1 ಹಾಕಿ. 1604.99 ಬರುತ್ತದೆ. ಹತ್ತು ಪೈಸೆಗೆ 4.99, ಅಂದರೆ ರೂಪಾಯಿಗೆ ಸುಮಾರು 50. ಬ = 17 ಹಾಕಿದರೆ 1649.24, ಏರಿಕೆ 49.24. ಐವತ್ತಕ್ಕಿಂತ ಸ್ವಲ್ಪ ಕಡಿಮೆ, ಏಕೆಂದರೆ ದೊಡ್ಡ ಹೆಜ್ಜೆ ಇಟ್ಟಾಗ ಇಡ್ಲಿಗೆ ಹೊರಳುವುದರ ಲಾಭ ಕಾಣಿಸತೊಡಗುತ್ತದೆ. ಎನ್ವಲಪ್ ಥಿಯರಮ್ ಅಂದರೆ ಇಷ್ಟೇ.

ಈಗ ಹ ಜಾಗದಲ್ಲಿ ಕ ಹಾಕಿ (ಆ ಬಿಂದುವಿನಲ್ಲಿ ಎರಡೂ 50), ಪದವನ್ನು ಆಚೆ ಬದಿಗೆ ಒಯ್ದರೆ ಋಣಚಿಹ್ನೆ ತಾನಾಗಿ ಬರುತ್ತದೆ. ತಾಳೆ ನೋಡಿ: ಕ = ಆ/(2ಬ), ಹಾಗಾಗಿ ∂ಕ/∂ಬ = −1600/512 = −3.125. ∂ಕ/∂ಆ = 1/32, ಅದನ್ನು 50ರಿಂದ ಗುಣಿಸಿದರೆ 1.5625. ಬಲಬದಿ −1.5625 − 1.5625 = −3.125. ಹೊಂದಿತು.

ಇಲ್ಲಿ ಗುಣಕವಾಗಿ ಹಾಕಬೇಕಾದ್ದು ಬೆಲೆ ಬದಲಾದ ಸರಕಿನ ಪ್ರಮಾಣ. ಕಾಫಿ ಬೆಲೆ ಏರಿದ್ದರಿಂದ ಇಡ್ಲಿ ಬೇಡಿಕೆ ಏನಾಯಿತು ಎಂಬ ಪ್ರಶ್ನೆಯಲ್ಲೂ ಬಾಲದಲ್ಲಿ ಬರುವುದು ಕಾಫಿಯ 50, ಇಡ್ಲಿಯ 20 ಅಲ್ಲ. ಅಲ್ಲಿ ಲೆಕ್ಕ 0.625 − 50 × (1/80) = 0. ಈ ತುಷ್ಟಿಗುಣ ಸೂತ್ರದಲ್ಲಿ ದುಡ್ಡು 1600 ಇರುವಾಗ ಕಾಫಿ ಬೆಲೆ ಏನೇ ಆದರೂ ಇಡ್ಲಿ 20 ಪ್ಲೇಟೇ ಎಂಬುದಕ್ಕೆ ಇದು ಸರಿಹೋಗುತ್ತದೆ. 20 ಹಾಕಿದ್ದರೆ ಹೋಗುತ್ತಿರಲಿಲ್ಲ.

ಒಂಬತ್ತು ರೂಪಾಯಿ ಏರಿದಾಗ

ಸಣ್ಣ ಬದಲಾವಣೆಯಲ್ಲಿ ಹಿಕ್ಸ್ ವಿಧಾನ, ಸ್ಲಟ್ಸ್ಕಿ ವಿಧಾನ ಎಂಬ ಭೇದವಿಲ್ಲ. 16ರಿಂದ 25ಕ್ಕೆ ನೆಗೆದಾಗ ಇದೆ. ಅವೆನ್ಯೂ ರಸ್ತೆಯಲ್ಲಿ ಹಳೇ ಗೈಡು ಕೊಂಡರೆ ಚಿತ್ರ ಯಾವ ವಿಧಾನದ್ದು ಅಂತ ಮೊದಲು ನೋಡಿಕೊಳ್ಳಿ.

ಹೊಸ ಬೆಲೆಗೆ ಕ = 1600/(2 × 25) = 32. ಒಟ್ಟು ಇಳಿಕೆ 18 ಲೋಟ.

ಸ್ಲಟ್ಸ್ಕಿ ಪ್ರಕಾರ ಹಳೇ ಬುಟ್ಟಿಯನ್ನೇ ಕೊಳ್ಳುವಷ್ಟು ದುಡ್ಡು ಕೊಡಬೇಕು: 25 × 50 + 40 × 20 = 2050. ಅಷ್ಟಿದ್ದರೆ ಕ = 41. ಬದಲಿ ಪರಿಣಾಮ −9, ಆದಾಯ ಪರಿಣಾಮ −9.

ಹಿಕ್ಸ್ ಪ್ರಕಾರ ಹಳೇ ತುಷ್ಟಿಗುಣ ಸಿಗುವಷ್ಟು ಕೊಟ್ಟರೆ ಸಾಕು. ಇಲ್ಲಿ ನನ್ನ ನೆಚ್ಚಿನ ಅಡ್ಡದಾರಿ: ಕಾಬ್-ಡಗ್ಲಸ್ ತುಷ್ಟಿಗುಣವಾದರೆ (ನಮ್ಮ ಕ × ಇ ತರಹದ್ದು) ಬೇಕಾದ ದುಡ್ಡು = ಹಳೇ ದುಡ್ಡು × (ಹೊಸ ಬೆಲೆ/ಹಳೇ ಬೆಲೆ), ಘಾತ ಮಾತ್ರ ಆ ಸರಕಿನ ಖರ್ಚಿನ ಪಾಲು. ಪಾಲು ಅರ್ಧ, ಹಾಗಾಗಿ 1600 × √(25/16) = 2000. ಕ = 40, ಇ = 25, ಗುಣಲಬ್ಧ ಮತ್ತೆ 1000. ಬದಲಿ −10, ಆದಾಯ −8. ಖರ್ಚಿನ ಸೂತ್ರವನ್ನು ಮೊದಲಿಂದ ಬಿಡಿಸುವ ಅರ್ಧ ಪುಟ ಉಳಿಯಿತು. ಉತ್ತರ ಪತ್ರಿಕೆಯಲ್ಲಿ ಹಂತ ತೋರಿಸಲೇಬೇಕಾದರೆ ಇದನ್ನು ತಾಳೆ ನೋಡಲು ಇಟ್ಟುಕೊಳ್ಳಿ.

ಸ್ಲಟ್ಸ್ಕಿ ಕೊಟ್ಟ 450 ರೂಪಾಯಿ ಹಿಕ್ಸ್‌ನ 400ಕ್ಕಿಂತ ಹೆಚ್ಚು. ಆ 2050ರಲ್ಲಿ ಆತ ಹಳೇ ಬುಟ್ಟಿಯನ್ನು ಬಿಟ್ಟು ಇಡ್ಲಿಯ ಕಡೆಗೆ ವಾಲಿ ತುಷ್ಟಿಗುಣವನ್ನು 1050ರ ಆಚೆಗೆ ಒಯ್ಯುತ್ತಾನೆ. ತುಟ್ಟಿಭತ್ಯೆಯ ತರ್ಕವೂ ಇದೇ. ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕ 2016ರ ಆಧಾರ ವರ್ಷದ ಬುಟ್ಟಿಯನ್ನೇ ಹಿಡಿದು ಬೆಲೆ ಅಳೆಯುತ್ತದೆ, ಜನ ಅಗ್ಗದ ಸರಕಿಗೆ ಹೊರಳುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೋದ ಗರಿಷ್ಠ ದರ 60ರಿಂದ 90 ಆದಾಗ ‘ತಿಂಗಳಿಗೆ 40 ಸಲ ಓಡಾಡಿದರೆ 1200 ಹೆಚ್ಚಾಯಿತು’ ಎಂದು ಲೆಕ್ಕ ಹಾಕಿದವರೂ ಸ್ಲಟ್ಸ್ಕಿಯನ್ನೇ ಹಾಕಿದ್ದು. ಬಸ್ಸಿಗೆ ಹೊರಳುವ ದಾರಿ ಇದ್ದವರಿಗೆ ನಿಜವಾದ ನಷ್ಟ ಅದಕ್ಕಿಂತ ಕಡಿಮೆ.

ಸ್ಲಟ್ಸ್ಕಿ ಈ ಸಮೀಕರಣವನ್ನು ಪ್ರಕಟಿಸಿದ್ದು 1915ರಲ್ಲಿ, ಇಟಲಿಯ ಪತ್ರಿಕೆಯಲ್ಲಿ. ಹಿಕ್ಸ್ ಮತ್ತು ಆಲೆನ್ 1934ರಲ್ಲಿ ತಾವಾಗಿಯೇ ಅದೇ ಜಾಗ ತಲುಪಿದರು. ಒಂದೇ ಸಮೀಕರಣಕ್ಕೆ ಎರಡು ಹೆಸರು ಅಂಟಿರುವುದು ಅದಕ್ಕೇ.

ಬೇಗ ಎರಡು ಮಾತು

ಗಿಫೆನ್ ಸರಕು (ಬೆಲೆ ಏರಿದಾಗ ಬೇಡಿಕೆಯೂ ಏರುವಂಥದ್ದು) ಆಗಲು ಕೆಳದರ್ಜೆಯದ್ದಾಗಿದ್ದರೆ, ಅಂದರೆ ದುಡ್ಡು ಹೆಚ್ಚಾದಂತೆ ಕಡಿಮೆ ಕೊಳ್ಳುವಂಥದ್ದಾಗಿದ್ದರೆ, ಅಷ್ಟೇ ಸಾಲದು. ∂ಕ/∂ಆ ಋಣವಾಗಿರಬೇಕು, ಜತೆಗೆ ಕ ದೊಡ್ಡದಿರಬೇಕು, ಬಾಲದ ಪದ ಬದಲಿ ಪರಿಣಾಮವನ್ನು ಮೀರುವಷ್ಟು. ಖರ್ಚಿನಲ್ಲಿ ಪುಡಿಗಾಸು ಪಾಲಿರುವ ಬೆಂಕಿಪೊಟ್ಟಣ ಗಿಫೆನ್ ಆಗಲಾರದು.

ಇನ್ನೊಂದು, ತ = 2ಕ + ಇ ತರಹದ ಪ್ರಶ್ನೆ. ಲಗ್ರಾಂಜ್ ಹಾಕಿದರೆ 2 = 16 ಲ್ಯಾಮ್ಡಾ, 1 = 40 ಲ್ಯಾಮ್ಡಾ ಎಂದು ಬಂದು ಲೆಕ್ಕ ಜಗಳಕ್ಕೆ ನಿಲ್ಲುತ್ತದೆ. ಅವಕಲನ ಬಿಟ್ಟು ರೂಪಾಯಿಗೆ ಸಿಗುವ ತುಷ್ಟಿಗುಣ ಹೋಲಿಸಿ: 2/16 ದೊಡ್ಡದು, 1/40 ಚಿಕ್ಕದು, ಆದ್ದರಿಂದ ದುಡ್ಡೆಲ್ಲ ಕಾಫಿಗೆ, 100 ಲೋಟ. ಬೆಲೆ 25 ಆದರೂ 2/25 ಇನ್ನೂ ದೊಡ್ಡದೇ, 64 ಲೋಟ. ಪರಿಪೂರ್ಣ ಬದಲಿ ಸರಕುಗಳಲ್ಲವೇ ಎಂದು ಇಳಿಕೆಯ 36ನ್ನೂ ಬದಲಿ ಪರಿಣಾಮಕ್ಕೆ ಬರೆಯುವವರು ಬಹಳ. 200 ತುಷ್ಟಿಗುಣ ಅಗ್ಗವಾಗಿ ಪಡೆಯುವ ದಾರಿ ಈಗಲೂ 100 ಲೋಟ ಕಾಫಿಯೇ, ಹಾಗಾಗಿ ಬದಲಿ ಪರಿಣಾಮ ಸೊನ್ನೆ, 36 ಪೂರ್ತಿ ಆದಾಯ ಪರಿಣಾಮ. ಕಾಫಿ 80 ರೂಪಾಯಿ ದಾಟಿದಾಗಷ್ಟೇ ಈ ಉತ್ತರ ತಿರುವುಮುರುವಾಗುತ್ತದೆ.