ಮಿಣುಕುಹುಳ ಹಿಡಿದರೆ ಕೈ ಯಾಕೆ ಸುಡುವುದಿಲ್ಲ?

ಪ್ರಶ್ನೆ: ಮಳೆಗಾಲಕ್ಕೆ ಮುಂಚೆ ಊರಿಗೆ ಹೋಗಿದ್ದಾಗ ಮಗಳು ಮಿಣುಕುಹುಳ ಹಿಡಿದಳು. "ಅಮ್ಮಾ, ದೀಪ ಉರೀತಿದೆ, ಕೈ ಯಾಕೆ ಸುಡ್ತಿಲ್ಲ?" ಅಂದಳು. ಏನು ಹೇಳಲಿ?

ಉತ್ತರ: ಚಿಕ್ಕವನಿದ್ದಾಗ ನಾನೂ ಅಜ್ಜಿಯನ್ನು ಇದನ್ನೇ ಕೇಳಿದ್ದೆ. "ಅದರಲ್ಲಿ ಬೆಂಕಿ ಎಲ್ಲಿದೆಯೋ, ಸುಮ್ನೆ ಬೆಳಕು" ಅಂದಿದ್ದಳು. ಮಗಳಿಗೂ ಅಷ್ಟೇ ಹೇಳಿ, ಸಾಕು. ಅವಳು ಬಿಡದೆ ಇನ್ನೂ ಕೇಳಿದರೆ ಮುಂದಿನದು.

ಹಳೆಯ ಹಳದಿ ಬಲ್ಬಿನಲ್ಲಿ ತಂತಿ ನಿಗಿನಿಗಿ ಕಾದರೆ ಮಾತ್ರ ಬೆಳಕು. ಅದು ತಿನ್ನುವ ಕರೆಂಟಿನಲ್ಲಿ 100ಕ್ಕೆ 90 ಪಾಲಿಗಿಂತ ಜಾಸ್ತಿ ಬಿಸಿಯಾಗಿಯೇ ಹೋಗುತ್ತದೆ. ಹುಳದ ದಾರಿ ಬೇರೆ. ಅದರ ಹೊಟ್ಟೆಯ ತುದಿಯಲ್ಲಿ ಲೂಸಿಫೆರಿನ್ ಎಂಬ ವಸ್ತು ಇರುತ್ತದೆ. ಲೂಸಿಫೆರೇಸ್ ಎಂಬ ಕಿಣ್ವದ ನೆರವಿನಿಂದ ಅದು ಆಮ್ಲಜನಕದ ಜೊತೆ ಸೇರುತ್ತದೆ. ಆಗ ಹೊರಬೀಳುವ ಶಕ್ತಿಯ ಒಂದು ಪಾಲು, ಏನನ್ನೂ ಕಾಯಿಸದೆ, ನೇರವಾಗಿ ಹಳದಿ-ಹಸಿರು ಬೆಳಕಾಗುತ್ತದೆ. ಈ ಬೆಳಕು ಹುಟ್ಟುವ ಪದರದ ಹಿಂದೆ ಬೆಳಕನ್ನು ಹೊರಕ್ಕೆ ತಿರುಗಿಸುವ ಸಣ್ಣ ಹರಳುಗಳ ಇನ್ನೊಂದು ಪದರ ಬೇರೆ ಇದೆ. ಬೈಕಿನ ಹೆಡ್‌ಲೈಟಿನೊಳಗೆ ಹೊಳೆಯುವ ಬಟ್ಟಲು ಇರುತ್ತಲ್ವಾ, ಹಾಗೆ.

ಇದರಲ್ಲಿ ಒಂಚೂರೂ ಪೋಲಾಗುವುದಿಲ್ಲ ಅಂತ ತುಂಬ ಕಡೆ ಓದಿರುತ್ತೀರಿ. ಅದು ಹೊಗಳಿಕೆ ಜಾಸ್ತಿಯಾಯಿತು. 2008ರಲ್ಲಿ ಜಪಾನಿನ ವಿಜ್ಞಾನಿಗಳು ಅಳೆದು ನೋಡಿದರು. 100 ಲೂಸಿಫೆರಿನ್ ಅಣುಗಳು ಖರ್ಚಾದರೆ ಬೆಳಕು ಬಂದದ್ದು ಸುಮಾರು 41ರಿಂದ ಮಾತ್ರ. ಉಳಿದದ್ದು ಬಿಸಿಯೇ. ಆದರೆ ಹುಳ ಎಷ್ಟು, ಅದರ ದೀಪ ಎಷ್ಟು! ಬೆರಳಿಗೆ ಗೊತ್ತಾಗುವಷ್ಟು ಬಿಸಿ ಅಲ್ಲಿಲ್ಲ. ನನಗಂತೂ ಈ 41 ಗೊತ್ತಾದ ಮೇಲೆ ಹುಳದ ಮೇಲಿನ ಪ್ರೀತಿ ಜಾಸ್ತಿಯೇ ಆಯಿತು.

ಅಂದಹಾಗೆ, ಅದು ನೊಣವೂ ಅಲ್ಲ, ಸೊಳ್ಳೆಯೂ ಅಲ್ಲ, ದುಂಬಿಯ ಜಾತಿ. ಮರಿಹುಳವೂ ಮಿನುಗುತ್ತದೆ. ನೋಡಲು ಸಾಧು, ತಿನ್ನುವುದು ಮಾತ್ರ ಬಸವನಹುಳು.

ಮಿನುಗು ಅವುಗಳ ಮಾತು. ಗಂಡು ಮಿನುಗಿ ಜೊತೆ ಹುಡುಕುತ್ತದೆ. ನಮ್ಮ ಟಾರ್ಚು, ಅಂಗಳದ ಎಲ್‌ಇಡಿ ಆ ಮಾತನ್ನು ಕೆಡಿಸುತ್ತವೆ. ಹಾಗಾಗಿ ಮುಂದಿನ ಸಲ ದೀಪ ಆರಿಸಿ, ಕಣ್ಣು ಕತ್ತಲೆಗೆ ಹೊಂದಲಿ ಅಂತ ಹತ್ತು ಹದಿನೈದು ನಿಮಿಷ ಕೂತಿರಿ. ಒಂದು ಹುಳ ಅಂಗೈಗೆ ಬಂದರೆ ಮಗಳಿಗೆ ಅದರ ಹೊಟ್ಟೆ ತೋರಿಸಿ. ನಮ್ಮಲ್ಲಿ ಹಾರಾಡುವ ಹಲವು ಜಾತಿಗಳಲ್ಲಿ ಎರಡು ಪಟ್ಟಿ ಹೊಳೆದರೆ ಗಂಡು, ಒಂದೇ ಆದರೆ ಹೆಣ್ಣು. ನೋಡಿ ಆಯ್ತಾ, ಬಿಟ್ಟುಬಿಡಿ. ಬಾಟಲಿ ಬೇಡ.