ಮಂಡ್ಯದ ಲೇತಿನಲ್ಲಿ ಗುಂಡು ಹಾರದ ಮೆಷಿನ್ ಗನ್

"ಈ ಪೈಪಿಗೆ ಇಷ್ಟೊಂದು ತೂತು ಯಾಕೆ ಸಾರ್?"

ಮಂಡ್ಯದ ಲೇತ್ ಅಂಗಡಿಯಲ್ಲಿ ನನಗೆ ಎದುರಾದ ಮೊದಲ ಪ್ರಶ್ನೆ ಇದು. ಕೇಳಿದವರು ವರ್ಷಗಟ್ಟಲೆ ಆಲೆಮನೆ ಗಾಣದ ರೋಲರ್ ಕಡೆದು ಕೈ ಪಳಗಿದ ಮೇಸ್ತ್ರಿ. ಅವರ ಕೈಯಲ್ಲಿ ನಾನು ಕೊಟ್ಟ ಹಳೇ ಫೋಟೊ ಇತ್ತು. ಅದರಲ್ಲಿ ಬ್ರೌನಿಂಗ್ ಎಂ1919ಎ4 ಮೆಷಿನ್ ಗನ್, ಅದರ ನಳಿಗೆಯ ಸುತ್ತ ಮೈತುಂಬ ತೂತಿರುವ ಪೈಪು. ನನಗೆ ಬೇಕಿದ್ದದ್ದು ಅದರ ನಕಲು. ಹೊರಗಿಂದ ನೋಡಿದರೆ ಥೇಟ್ ಹಾಗೇ ಇರಬೇಕು, ಒಳಗೆ ಮಾತ್ರ ಏನೂ ಇರಬಾರದು.

ಹಳೇ ಟ್ಯಾಂಕ್ ದುರಸ್ತಿ ಮಾಡುವವರ ಪಾಡು ಇದು. ಟ್ಯಾಂಕ್ ಪ್ರದರ್ಶನಕ್ಕೆ ಬರುವ ಹೊತ್ತಿಗೆ ಮೆಷಿನ್ ಗನ್ ಬಿಚ್ಚಿಕೊಂಡಿರುತ್ತಾರೆ. ಅದು ಇದ್ದ ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ. ಮೈಸೂರಿನ ಗೆಳೆಯರೊಬ್ಬರು ಕೈಹಾಕಿದ್ದ ಸ್ಟುವರ್ಟ್ ಟ್ಯಾಂಕಿನಲ್ಲೂ ಅಷ್ಟೇ, ಮೂರು ಗನ್ನಿನ ಜಾಗ ಖಾಲಿ.

ಸ್ಟುವರ್ಟ್ ಅಂದರೆ ಹಗುರ ಟ್ಯಾಂಕ್. ನಮ್ಮ ಕೊಡಗಿನ ತಿಮ್ಮಯ್ಯನವರ ನೆನಪೂ ಇದರ ಜೊತೆಗಿದೆ. ಕಾಶ್ಮೀರದ ಯುದ್ಧದಲ್ಲಿ, 1948ರ ನವೆಂಬರ್ 1ರಂದು, ಜೋಜಿ ಲಾ ಕಣಿವೆಯ ದಾರಿಯನ್ನು ಬಿಡಿಸಲು ನಮ್ಮ ಸೇನೆಯ 7ನೇ ಲೈಟ್ ಕ್ಯಾವಲ್ರಿ ದಳದ ಸ್ಟುವರ್ಟ್‌ಗಳು ಹೊರಟಾಗ, ಮೇಜರ್ ಜನರಲ್ ತಿಮ್ಮಯ್ಯ ಮುಂದಿನ ಟ್ಯಾಂಕಿನಲ್ಲೇ ಇದ್ದರು. ಸುಮಾರು 3,500 ಮೀಟರ್ ಎತ್ತರದ ಜಾಗ. ಅಲ್ಲಿಗೆ ಟ್ಯಾಂಕ್ ಬರುತ್ತದೆ ಅಂತ ಎದುರಾಳಿಗಳು ಎಣಿಸಿರಲೇ ಇಲ್ಲ. ಗುಟ್ಟು ರಟ್ಟಾಗದಿರಲೆಂದು ಟ್ಯಾಂಕಿನ ಮೇಲಿನ ಗೋಪುರಗಳನ್ನು ಬಿಚ್ಚಿ ಸಾಗಿಸಿದ್ದರು. ಅಂಥ ಗಾಡಿಯನ್ನು ಬೋಳಾಗಿ ನಿಲ್ಲಿಸಲು ಮನಸ್ಸು ಬರಲಿಲ್ಲ.

ಈಗ ಮೇಸ್ತ್ರಿಯ ಪ್ರಶ್ನೆಗೆ ಬರೋಣ. ಎಲ್ಲದಕ್ಕೂ ಮೂಲ ಬಿಸಿ.

ಒಂದು ಗುಂಡಿನ ಮದ್ದು ಉರಿದಾಗ ಸುಮಾರು 12 ಕಿಲೋಜೂಲ್ ಶಕ್ತಿ ಹೊರಬರುತ್ತದೆ. ಅದರಲ್ಲಿ ಮೂರನೇ ಒಂದು ಪಾಲು ಮಾತ್ರ ಗುಂಡಿನ ಓಟಕ್ಕೆ ಸಿಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಬಿಸಿ ಅನಿಲದ ಜೊತೆ ಹೊರಗೆ ಹೋಗುತ್ತದೆ, ಒಂದಷ್ಟು ನಳಿಗೆಯ ಉಕ್ಕಿಗೆ ಸೇರುತ್ತದೆ. ಕಡಿಮೆ ಅಂದರೂ ಹತ್ತರಲ್ಲಿ ಒಂದು ಪಾಲು ಸೇರಿತು ಅಂತ ಇಟ್ಟುಕೊಳ್ಳಿ. ಒಂದು ಬೆಲ್ಟಿನಲ್ಲಿ, ಅಂದರೆ ಗುಂಡು ಜೋಡಿಸಿದ ಪಟ್ಟಿಯಲ್ಲಿ, 250 ಗುಂಡು. ಈ ಗನ್ನು ನಿಮಿಷಕ್ಕೆ 400ರಿಂದ 600 ಗುಂಡು ಹಾರಿಸುತ್ತದೆ, ಅಂದರೆ ಬೆಲ್ಟ್ ಮುಗಿಯಲು ಅರ್ಧ ನಿಮಿಷ ಸಾಕು. ಅಷ್ಟರಲ್ಲಿ ನಳಿಗೆಗೆ 300 ಕಿಲೋಜೂಲ್ ಸೇರಿರುತ್ತದೆ. ನಳಿಗೆಯ ತೂಕ ಸುಮಾರು 3.3 ಕಿಲೋ. ಲೆಕ್ಕ ಹಾಕಿದರೆ ಉಕ್ಕು 180 ಡಿಗ್ರಿಗೂ ಜಾಸ್ತಿ ಬಿಸಿ ಏರುತ್ತದೆ. ಅದೂ ಒಂದೇ ಬೆಲ್ಟಿಗೆ! ಹೀಗೇ ಹೊಡೆಯುತ್ತಾ ಹೋದರೆ ನಳಿಗೆ ಸವೆಯುತ್ತದೆ. ಕೊನೆಗೆ ಒಳಗೆ ಕೂತ ಗುಂಡು ಯಾರೂ ಟ್ರಿಗರ್ ಒತ್ತದೆ ತಾನೇ ಸಿಡಿಯಬಹುದು.

ಹಳೇ ಕಾಲದ ಉಪಾಯ ನೀರು. ಬ್ರೌನಿಂಗ್‌ನ 1917ರ ಮಾದರಿಯಲ್ಲಿ ನಳಿಗೆಯ ಸುತ್ತ ದಪ್ಪ ಕೊಳವೆ, ಅದರ ತುಂಬ 3 ಲೀಟರಿಗೂ ಜಾಸ್ತಿ ನೀರು. ಇದನ್ನು ಮೇಸ್ತ್ರಿಗೆ ನಾನು ವಿವರಿಸಬೇಕಾಗಲೇ ಇಲ್ಲ. "ಕೊಪ್ಪರಿಗೆ ಥರ" ಅಂದರು. ಸರಿಯಾದ ಮಾತು. ಆಲೆಮನೆಯಲ್ಲಿ ಕೆಳಗೆ ಎಷ್ಟೇ ಬೆಂಕಿ ಹಾಕಿದರೂ, ಕಬ್ಬಿನ ಹಾಲಿನಲ್ಲಿ ನೀರು ಇರುವ ತನಕ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಹಾರಿದ ಮೇಲೆಯೇ ಅದು 118ರ ಹತ್ತಿರ ಏರಿ ಪಾಕ ಬರುವುದು. ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಗೆ ತರಲು 335 ಕಿಲೋಜೂಲ್ ಸಾಕು. ಅದೇ ನೀರು ಪೂರ್ತಿ ಆವಿಯಾಗಲು ಇನ್ನೂ 2,260 ಬೇಕು. ಗನ್ನಿನ ಬಿಸಿಯನ್ನು ನುಂಗುತ್ತಿದ್ದದ್ದು ಈ ಆವಿಯೇ.

ಆದರೆ ಟ್ಯಾಂಕಿನೊಳಗೆ ಕೈಕಾಲು ಆಡಿಸಲೂ ಜಾಗವಿಲ್ಲ. ಅಲ್ಲಿ ನೀರಿನ ಕೊಳವೆ ಇಟ್ಟುಕೊಂಡು ಒದ್ದಾಡುವುದು ಆಗದ ಮಾತು. ಅದಕ್ಕೇ 1919ರ ಮಾದರಿಯಲ್ಲಿ ನೀರು ಬಿಟ್ಟು ಗಾಳಿಯನ್ನೇ ನೆಚ್ಚಿದರು. ಅದು ಮೊದಲು ರೂಪುಗೊಂಡದ್ದೇ ಟ್ಯಾಂಕಿಗಾಗಿ. ಜೋಜಿ ಲಾದಂಥ ಚಳಿಯಲ್ಲಿ ನೀರು ಹೆಪ್ಪುಗಟ್ಟುವ ಕಾಟವೂ ಇದಕ್ಕಿಲ್ಲ ನೋಡಿ.

"ಗಾಳಿ ಆಡಬೇಕಾದರೆ ಪೈಪನ್ನೇ ತೆಗೆದುಹಾಕಬಹುದಿತ್ತಲ್ವಾ?" ಮೇಸ್ತ್ರಿ ಬಿಡಲಿಲ್ಲ. ನಾನೂ ಅದನ್ನು ಯೋಚಿಸಿರಲಿಲ್ಲ. ಉತ್ತರ ಸಿಕ್ಕಿದ್ದು ಆಮೇಲೆ. ಈ ಗನ್ನಿನಲ್ಲಿ ಪ್ರತಿ ಗುಂಡಿಗೂ ನಳಿಗೆಯೇ ಸ್ವಲ್ಪ ಹಿಂದೆ ಸರಿದು ಮುಂದೆ ಬರುತ್ತದೆ. ಹಾಗೆ ಜಾರುವ ನಳಿಗೆಯ ತುದಿಗೆ ಒಂದು ಆಸರೆ ಬೇಕು. ಆ ಆಸರೆ ಇರುವುದು ಹೊರಗಿನ ಕೊಳವೆಯ ಮೂತಿಯಲ್ಲಿ. ಆಸರೆಗಾಗಿ ಕೊಳವೆ ಉಳಿಯಿತು, ಗಾಳಿಗಾಗಿ ಅದರ ಮೈತುಂಬ ತೂತು ಬಿತ್ತು. ಇದು ಕೇಳಿದ ಮೇಲೆ ಮೇಸ್ತ್ರಿ ತೂತುಗಳನ್ನು ಕೊರೆದ ಶ್ರದ್ಧೆಯೇ ಬೇರೆ.

ದುಂಡಗಿನ ಪೈಪಿನ ಮೇಲೆ ಡ್ರಿಲ್ ಬಿಟ್ ಜಾರುತ್ತದೆ. ಸಾಲು ಒಂದು ಕೂದಲೆಳೆ ತಪ್ಪಿದರೂ ಕಣ್ಣಿಗೆ ಹೊಡೆಯುತ್ತದೆ. ಮೇಸ್ತ್ರಿ ಗ್ರಾಫ್ ಪೇಪರನ್ನು ಪೈಪಿಗೆ ಬಳೆಯಂತೆ ಸುತ್ತಿ, ಎರಡು ತುದಿ ಕೂಡುವಲ್ಲಿ ಬ್ಲೇಡಿನಿಂದ ಕತ್ತರಿಸಿದರು. ಬಿಡಿಸಿದರೆ ಅದೇ ಸುತ್ತಳತೆ. ಅದನ್ನು ಸಮಪಾಲು ಮಡಿಚಿ, ಮಡಿಕೆಗಳ ಮೇಲೆ ಗುರುತು ಹಾಕಿ, ಮತ್ತೆ ಪೈಪಿಗೆ ಅಂಟಿಸಿದರು. ಪ್ರತಿ ಗುರುತಿಗೂ ಪಂಚ್ ಇಟ್ಟು ಒಂದೇ ಪೆಟ್ಟು. ಮೊದಲು 3 ಮಿಲಿಮೀಟರಿನ ತೂತು, ಆಮೇಲೆ ದೊಡ್ಡದು. ಕೊನೆಗೆ ದುಂಡು ಅರದಿಂದ ಅಂಚು ತಿಕ್ಕಿದರು. ಬೆರಳು ಆಡಿಸಿದರೆ ಎಲ್ಲೂ ಚುಚ್ಚಲಿಲ್ಲ. ಮೂರು ದಿನ ಹಿಡಿಯಿತು.

ಅಂಗಡಿಯ ಮೂಲೆಯಲ್ಲಿ ಗಾಣದ ಹಳೇ ಬುಷ್‌ಗಳ, ಅಂದರೆ ರೋಲರಿನ ಅಚ್ಚು ತಿರುಗುವ ಲೋಹದ ಬಳೆಗಳ ರಾಶಿ ಇತ್ತು. ಎಲ್ಲರೂ ಅದನ್ನು ಗನ್‌ಮೆಟಲ್ ಬುಷ್ ಅನ್ನುತ್ತಾರೆ. ನೂರಕ್ಕೆ 88 ಪಾಲು ತಾಮ್ರ, 10 ತವರ, 2 ಸತುವಿನ ಮಿಶ್ರಲೋಹ. ಒಂದು ಕಾಲದಲ್ಲಿ ಫಿರಂಗಿ ಎರಕ ಹೊಯ್ಯುತ್ತಿದ್ದದ್ದು ಇಂಥ ಲೋಹದಲ್ಲೇ. ಉಕ್ಕು ಬಂದ ಮೇಲೆ ಫಿರಂಗಿ ಅದನ್ನು ಬಿಟ್ಟಿತು, ನಮ್ಮ ಕಬ್ಬಿನ ಗಾಣ ಇಟ್ಟುಕೊಂಡಿತು. ಹೆಸರಿನಲ್ಲಿ ಮಾತ್ರ ಗನ್ನು ಹಾಗೇ ಉಳಿದಿದೆ.

ನಮ್ಮ ಮೊದಲ ಪ್ರಯತ್ನ ಕೆಟ್ಟದ್ದನ್ನೂ ಹೇಳಬೇಕು. ಗನ್ನಿನ ಹಿಂಭಾಗದ ಪೆಟ್ಟಿಗೆಯನ್ನು ನಾನು ತ್ರೀಡಿ ಪ್ರಿಂಟರಿನಲ್ಲಿ ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲಿ ಮಾಡಿದ್ದೆ. ಜೋಳದ ಪಿಷ್ಟದಿಂದಲೋ ಕಬ್ಬಿನ ಸಕ್ಕರೆಯಿಂದಲೋ ತಯಾರಾಗುವ ಪ್ಲಾಸ್ಟಿಕ್ ಅದು. ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ, ಕಡು ಹಸಿರು ಬಣ್ಣ ಬಳಿದ ಉಕ್ಕಿನ ತಗಡಿಗೆ ತಾಗಿಸಿ ಅದನ್ನು ಕೂರಿಸಿದ್ದೆವು. ಎರಡು ದಿನ ಬಿಟ್ಟು ನೋಡಿದರೆ ಪೆಟ್ಟಿಗೆ ಸೊಂಟ ಮುರಿದು ಜೋತುಬಿದ್ದಿತ್ತು. ಬಿಸಿಯಿಂದಲೇ ಹುಟ್ಟಿದ ಗನ್ನಿನ ನಕಲು ಮಾಡುವಾಗ ಬಿಸಿಯನ್ನೇ ಮರೆತಿದ್ದೆ. ತುಂಬಾ ಬೇಜಾರಾಯಿತು.

ಎರಡನೇ ಸಲ ಅಲ್ಯುಮಿನಿಯಂ ಗಟ್ಟಿಯನ್ನೇ ಕೊರೆಸಿ ಪೆಟ್ಟಿಗೆ ಮಾಡಿದೆವು. ನಳಿಗೆ ಅಂದರೆ ಗಟ್ಟಿ ಉಕ್ಕಿನ ಸರಳು. ಮೂತಿಯಲ್ಲಿ ಎರಡು ಬೆರಳು ಆಳದ ಗುಳಿ ಬಿಟ್ಟರೆ ಅದರಲ್ಲಿ ರಂಧ್ರವೇ ಇಲ್ಲ. ಒಳಗೆ ಚಲಿಸುವ ಒಂದು ಭಾಗವೂ ಇಲ್ಲ. ನಕಲಿ ಬಂದೂಕನ್ನು ಪರವಾನಗಿ ಇಲ್ಲದೆ ನಿಜವಾದದ್ದಾಗಿ ಬದಲಾಯಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಹಾಗೆ ಬದಲಾಯಿಸಲು ಸಾಧ್ಯವೇ ಆಗದಂತೆ ಮಾಡುವುದು ನಮ್ಮ ಕೆಲಸ ಅಂತ ನಾನು ನಂಬಿದ್ದೇನೆ. ಕೆಲಸ ಶುರು ಮಾಡುವ ಮುಂಚೆಯೇ ಠಾಣೆಗೆ ಹೋಗಿ, ಏನು ಮಾಡುತ್ತಿದ್ದೇವೆ ಅಂತ ಬರೆದುಕೊಟ್ಟಿದ್ದೆವು.

ಕೂರಿಸಿದಾಗ ಇನ್ನೊಂದು ತೊಡಕು. ಮುಂದೆ ಗಟ್ಟಿ ಉಕ್ಕು, ಹಿಂದೆ ಅದರ ಮೂರನೇ ಒಂದರಷ್ಟೇ ಭಾರದ ಅಲ್ಯುಮಿನಿಯಂ. ಗನ್ನಿನ ಮೂತಿ ನೆಲ ನೋಡಿತು. ನಿಜವಾದ ಗನ್ನು 14 ಕಿಲೋ ತೂಗುತ್ತದೆ, ಹಿಂಭಾಗವೂ ಉಕ್ಕಿನದೇ, ಅದಕ್ಕೆ ಈ ತೊಂದರೆ ಇಲ್ಲ. ಮೇಸ್ತ್ರಿ ಪೆಟ್ಟಿಗೆಯ ಹಿಂದೆ ಗುಳಿ ತೋಡಿ ಕರಗಿಸಿದ ಸೀಸ ಹೊಯ್ದರು. ಸೀಸ 327 ಡಿಗ್ರಿಗೆ ಕರಗುತ್ತದೆ, ಅಲ್ಯುಮಿನಿಯಂಗೆ 660 ಬೇಕು, ಹಾಗಾಗಿ ಪೆಟ್ಟಿಗೆಗೆ ಏನೂ ಆಗಲಿಲ್ಲ. ಈಗ ಎತ್ತಿದರೆ ಎತ್ತಿದಲ್ಲೇ ನಿಲ್ಲುತ್ತದೆ, ತಿರುಗಿಸಿದರೆ ತಿರುಗಿಸಿದಲ್ಲೇ. ಹೊಳಪಿಲ್ಲದ ಕಪ್ಪು ಬಣ್ಣ ಬಳಿದು, ಅಂಚುಗಳಿಗೆ ಪೆನ್ಸಿಲಿನ ಗ್ರಾಫೈಟ್ ಪುಡಿ ತಿಕ್ಕಿದ್ದೇವೆ. ಕೈ ತಾಗಿ ತಾಗಿ ಸವೆದ ಉಕ್ಕಿನ ಕಳೆ ಬಂದಿದೆ.

ಉಳಿದಿರುವುದು ಗುಂಡಿನ ಬೆಲ್ಟ್. ಹತ್ತಿ ಪಟ್ಟಿಯಲ್ಲಿ 250 ಕಿರುಜೇಬು, ಒಂದೊಂದರಲ್ಲೂ 85 ಮಿಲಿಮೀಟರ್ ಉದ್ದದ ತೋಟಾ. ತೋಟಾಗಳನ್ನು ಚನ್ನಪಟ್ಟಣದಲ್ಲಿ ಹಾಲೆ ಮರದಲ್ಲಿ ಕಡೆಸುತ್ತಿದ್ದೇವೆ. ಅಲ್ಲಿನ ಕುಶಲಕರ್ಮಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ತಾಳೆಗರಿಯಿಂದ ಒಮ್ಮೆ ಒರೆಸಿದರೆ ಹಿತ್ತಾಳೆಯ ಹಳದಿ ಮಿನುಗುತ್ತದೆ. ನೂರಾ ಹತ್ತು ತೋಟಾ ಬಂದಿವೆ. ಪಟ್ಟಿ ಹೊಲಿಯುವ ದರ್ಜಿ ಗುತ್ತಲು ರಸ್ತೆಯವರು. ಹಬ್ಬದ ಬಟ್ಟೆಗಳ ಕೆಲಸ ಮುಗಿದ ಮೇಲೆ ಜೇಬು ಹೊಲಿದುಕೊಡುತ್ತೇನೆ ಅಂದಿದ್ದಾರೆ.