ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ: ಸೋತ ಆ ಒಂದು ಕೇಸು

ಅಮೆರಿಕದ ನಾಗರಿಕ ಹಕ್ಕುಗಳ ವಕೀಲೆ, ನಂತರ ನ್ಯಾಯಾಧೀಶೆಯಾದ ಮಾಟ್ಲಿ ಬಗ್ಗೆ ಎಲ್ಲ ಕಡೆ ಸಿಗುವ ಸಾಲು ಇದು: ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲಿ 10 ಕೇಸು ವಾದಿಸಿದರು, 9 ಗೆದ್ದರು. ನನಗೆ ತಲೆ ಕೆಟ್ಟಿದ್ದು ಆ ಹತ್ತನೆಯದರಲ್ಲಿ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಹುಟ್ಟಿದ್ದು 1921, ನ್ಯೂ ಹೇವನ್. 1946ರಲ್ಲಿ ಕೊಲಂಬಿಯಾದಿಂದ ಕಾನೂನು ಪದವಿ. ಕಪ್ಪು ಜನರ ಹಕ್ಕುಗಳಿಗೆ ಹೋರಾಡಿದ ವಕೀಲ ಥರ್ಗುಡ್ ಮಾರ್ಷಲ್ ತಂಡದಲ್ಲಿ ವಕೀಲಿಕೆ. 1962ರಲ್ಲಿ ಕಪ್ಪು ವಿದ್ಯಾರ್ಥಿ ಜೇಮ್ಸ್ ಮೆರೆಡಿತ್ ಬಿಳಿಯರಿಗಷ್ಟೇ ಇದ್ದ ಮಿಸಿಸಿಪಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಇವರ ಹೋರಾಟದಿಂದ. 1966ರಲ್ಲಿ ಅಧ್ಯಕ್ಷ ಜಾನ್ಸನ್ ಇವರನ್ನು ನ್ಯೂಯಾರ್ಕಿನ ಫೆಡರಲ್ (ಕೇಂದ್ರ ಸರ್ಕಾರದ) ಕೋರ್ಟ್‌ಗೆ ನ್ಯಾಯಾಧೀಶೆಯಾಗಿ ಹೆಸರಿಸಿದರು. ಮಿಸಿಸಿಪಿಯ ಸೆನೆಟರ್ ಈಸ್ಟ್‌ಲ್ಯಾಂಡ್ ತಿಂಗಳುಗಟ್ಟಲೆ ತಡೆದರು. ಆದರೂ ಆಗಸ್ಟ್‌ನಲ್ಲಿ ಸೆನೆಟ್‌ನ ಒಪ್ಪಿಗೆ ಸಿಕ್ಕಿತು. ಫೆಡರಲ್ ನ್ಯಾಯಾಧೀಶೆಯಾದ ಮೊದಲ ಕಪ್ಪು ಮಹಿಳೆ ಇವರು. ‘ಫೆಡರಲ್’ ಪದ ಬಿಡಬೇಡಿ. ಅದಿಲ್ಲದಿದ್ದರೆ ಮೊದಲಿನವರು ಜೇನ್ ಬೋಲಿನ್, 1939.

ಈಗ ಆ ಕೇಸು: ಸ್ವೇನ್ ವಿರುದ್ಧ ಅಲಬಾಮಾ, 1965. ನಮ್ಮಲ್ಲಿ ಈಗ ಜ್ಯೂರಿ (ತಪ್ಪಿತಸ್ಥರೋ ಅಲ್ಲವೋ ಎಂದು ಹೇಳುವ ಸಾಮಾನ್ಯ ಜನರ ಗುಂಪು) ಇಲ್ಲ, ಅದಕ್ಕೇ ಇದು ಸುಲಭವಾಗಿ ಹೊಳೆಯುವುದಿಲ್ಲ. ಅಲ್ಲಿ ಜ್ಯೂರಿ ಆರಿಸುವಾಗ ಎರಡೂ ಕಡೆಯ ವಕೀಲರು ಕೆಲವರನ್ನು ಕಾರಣ ಹೇಳದೆಯೇ ಬೇಡ ಅನ್ನಬಹುದು. ‘ಕಾರಣ ಹೇಳದೆಯೇ’ ಅನ್ನೋದೇ ಇಲ್ಲಿ ಮುಖ್ಯ. ಸ್ವೇನ್ ಕಪ್ಪು ಯುವಕ, ಮರಣದಂಡನೆ ವಿಧಿಸಲಾಗಿತ್ತು. ಜ್ಯೂರಿಗೆಂದು ಕರೆಸಿದವರಲ್ಲಿ 8 ಜನ ಕಪ್ಪು ಜನರಿದ್ದರು. ಇಬ್ಬರಿಗೆ ವಿನಾಯ್ತಿ ಸಿಕ್ಕಿತು. ಉಳಿದ 6 ಜನರನ್ನೂ ಸರ್ಕಾರಿ ವಕೀಲರು ತೆಗೆದರು.

ಬಣ್ಣ ನೋಡಿಯೇ ತೆಗೆದದ್ದು ಅಂತ ಕಣ್ಣಿಗೆ ಕಾಣುತ್ತದೆ, ಅಲ್ವಾ? ಮತ್ತೆ ಮಾಟ್ಲಿ ಸೋತದ್ದು ಹೇಗೆ? ನಾನು ಇಲ್ಲೇ ಎರಡು ದಿನ ನಿಂತಿದ್ದೆ. ಕೋರ್ಟ್ ಹೇಳಿದ್ದು ಇಷ್ಟು: ಒಂದೇ ಕೇಸು ನೋಡಿ ವಕೀಲರನ್ನು ‘ಯಾಕೆ’ ಅಂತ ಕೇಳುವಂತಿಲ್ಲ. ಕೇಸಿನ ಮೇಲೆ ಕೇಸಿನಲ್ಲಿ ಹೀಗೇ ಮಾಡಿದ್ದಾರೆ ಅಂತ ಆರೋಪಿಯೇ ತೋರಿಸಬೇಕು. ಜೈಲಿನಲ್ಲಿ ಕೂತವನು ಹಳೆಯ ಕೇಸುಗಳ ಲೆಕ್ಕ ಎಲ್ಲಿಂದ ತರುತ್ತಾನೆ? ಅಂದರೆ ತಪ್ಪು ನಡೆದಿಲ್ಲ ಅಂತಲ್ಲ, ಸಾಬೀತು ಮಾಡುವ ಭಾರ ಹೊರಲಾಗದಷ್ಟು ಇತ್ತು.

ಹತ್ತು ವರ್ಷದ ನಂತರ ‘ಬಣ್ಣ ನೋಡಿ ತೆಗೆಯಬಹುದೇ’ ಅನ್ನೋ ಅದೇ ಪ್ರಶ್ನೆ ಮಾಟ್ಲಿಯವರ ಕುರ್ಚಿಗೇ ಬಂತು. 1975ರಲ್ಲಿ ಸುಲ್ಲಿವನ್ ಅಂಡ್ ಕ್ರಾಮ್‌ವೆಲ್ ಎಂಬ ವಕೀಲರ ಸಂಸ್ಥೆಯ ಮೇಲೆ ಮಹಿಳೆಯರಿಗೆ ತಾರತಮ್ಯ ಮಾಡಿದ ದೂರು ಅವರ ಮುಂದಿತ್ತು. ನೀವು ಕಪ್ಪು ಮಹಿಳೆ, ಹಿಂದೆ ಹಕ್ಕುಗಳ ಪರ ವಕೀಲೆ, ಈ ಕೇಸು ಬಿಡಿ ಅಂದರು ಸಂಸ್ಥೆಯ ಕಡೆಯವರು. ಜನಾಂಗ, ಲಿಂಗ ನೋಡಿ ನ್ಯಾಯಾಧೀಶರನ್ನು ತೆಗೆಯುವುದಾದರೆ ಈ ಕೋರ್ಟಿನಲ್ಲಿ ಯಾರೂ ಕೇಸು ಕೇಳಲಾಗದು ಅನ್ನೋದು ಮಾಟ್ಲಿಯವರ ಉತ್ತರದ ಸಾರ. ಬಿಳಿ ಗಂಡಸಿಗೂ ಜನಾಂಗ, ಲಿಂಗ ಇದೆಯಲ್ಲ! ಮಾಟ್ಲಿ ಕೇಸು ಬಿಡಲಿಲ್ಲ.

1986ರಲ್ಲಿ ಬ್ಯಾಟ್ಸನ್ ವಿರುದ್ಧ ಕೆಂಟಕಿ ತೀರ್ಪು ಸ್ವೇನ್‌ನ ಆ ಭಾರವನ್ನು ಇಳಿಸಿತು. ಇನ್ನು ಒಂದೇ ಕೇಸಿನಲ್ಲಿ ಅನುಮಾನ ಬಂದರೂ ಸಾಕು, ಸರ್ಕಾರಿ ವಕೀಲರು ಕಾರಣ ಹೇಳಬೇಕು. ಆಗ ಮಾಟ್ಲಿ ನ್ಯೂಯಾರ್ಕಿನ ಅದೇ ಕೋರ್ಟಿನ ಪೀಠದಲ್ಲಿದ್ದರು.